ಉಂಗುರ ಇಲ್ಲ, ಅರ್ಜಿ ವಜಾ

ವಿರಳ ಕಾಯಿಲೆಗಳ ಔಷಧಿ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಚಿಕ್ಕ ಮಗಳ ಅರ್ಜಿಯನ್ನು ತಾವು ಒಂದೇ ಸಾಲಿನಲ್ಲಿ ವಜಾ ಮಾಡಿದ್ದೀರಿ: 'ಕಣ್ಣಿನಲ್ಲಿ ಉಂಗುರ ಕಂಡುಬಂದಿಲ್ಲ.' ಅಕ್ಷರ ದುಂಡಗಿದೆ, ಅಭಿನಂದನೆಗಳು. ಅರ್ಜಿಯ ಜೊತೆ ರಕ್ತದ್ದು, ಮೂತ್ರದ್ದು, ವಂಶವಾಹಿಯದು ಎಂದು ಮೂರು ವರದಿಗಳನ್ನು ಪಿನ್ನು ಹೊಡೆದು ಕೊಟ್ಟಿದ್ದೆ. ಅವಳಿಗೆ ವಿಲ್ಸನ್ ಕಾಯಿಲೆ ಇದೆ ಎಂದು ಮೂರೂ ಒಂದೇ ಬಾಯಲ್ಲಿ ಹೇಳುತ್ತವೆ. ಅವನ್ನು ಯಾರೂ ಮಗುಚಿ ನೋಡಿದ ಗುರುತೇ ಇಲ್ಲ. ಮಾತ್ರೆಯೋ ತಮ್ಮ ಕಚೇರಿಯ ಮೂಲಕವೇ ಬರಬೇಕು.

ಇದು ಅಪ್ಪ ಅಮ್ಮ ಇಬ್ಬರಿಂದಲೂ ಬಳುವಳಿಯಾಗಿ ಬರುವ ಕಾಯಿಲೆ. ಊಟದಲ್ಲಿರುವ ತಾಮ್ರ ಮೈಯಿಂದ ಹೊರಹೋಗದೆ ಪಿತ್ತಜನಕಾಂಗದಲ್ಲಿ, ಮಿದುಳಿನಲ್ಲಿ ಠಿಕಾಣಿ ಹೂಡುತ್ತದೆ. ಕೆಲವರ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲೂ ಕಂದು ಉಂಗುರವಾಗಿ ಕೂರುತ್ತದೆ. 'ಕೆಲವರ' ಎಂಬ ಪದವನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಬೇಕು. ಕಾಯಿಲೆ ಮಿದುಳಿಗೆ ಹತ್ತಿದವರಲ್ಲಿ ಬಹುತೇಕ ಎಲ್ಲರಿಗೂ ಉಂಗುರವಿರುತ್ತದೆ. ಪಿತ್ತಜನಕಾಂಗ ಮಾತ್ರ ಕೆಟ್ಟವರಲ್ಲಿ ಇರುವುದು ಹೆಚ್ಚುಕಡಿಮೆ ಅರ್ಧ ಜನರಿಗೆ. ಉಳಿದರ್ಧ ಜನ ಏನು ಮಾಡಬೇಕು? ತಮ್ಮ ಸಮಾಧಾನಕ್ಕೆ ಕಾಡಿಗೆಯಲ್ಲಿ ಉಂಗುರ ಬರೆದುಕೊಂಡು ಬರಬೇಕೆ?

ತಮ್ಮ ಕೌಂಟರಿನ ಗುಮಾಸ್ತರನ್ನು ಕೇಳಿದೆ. ಪಾಪ, ಸಜ್ಜನರು.

"ಸಾರ್, ಕಂಪ್ಯೂಟರಲ್ಲಿ ಉಂಗುರದ ಕಾಲಂ ಇದೆ. 'ಇಲ್ಲ' ಅಂತ ಒತ್ತಿದ್ರೆ ಮುಂದಿನ ಪುಟ ತೆರೆಯೋದೇ ಇಲ್ಲ."

"ರಕ್ತದ ವರದಿ ಎಲ್ಲಿ ಹಾಕ್ತೀರಿ ಮತ್ತೆ?"

"ಮುಂದಿನ ಪುಟದಲ್ಲಿ ಸಾರ್."

ನಗಬೇಕೋ ಅಳಬೇಕೋ ತಿಳಿಯದೆ ನಕ್ಕೆ. ಅವರೂ ನಕ್ಕರು. ಇಂಥ ಫಾರಂ ರಚಿಸಿದ ಮಹಾನುಭಾವರಿಗೆ ಬಡ್ತಿ ಸಿಕ್ಕಿದೆಯೋ, ಇನ್ನೂ ಸಿಗಬೇಕೋ?

ಆದರೆ ತಮ್ಮನ್ನು ಬೈದು ಕೈತೊಳೆದುಕೊಳ್ಳುವ ಯೋಗ್ಯತೆ ನನಗಿಲ್ಲ. ನಾನು ಇಪ್ಪತ್ತಾರು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟವನು. ದೊಡ್ಡ ಮಗಳ ಕೈ ನಡುಗಲು ಶುರುವಾದಾಗ ಅವಳ ಕಣ್ಣಿನ ಉಂಗುರವನ್ನು ಮೊದಲು ಕಂಡವನು ನಾನೇ. ಉಂಗುರವಿದ್ದ ಭಾಗ್ಯಕ್ಕೆ ಅವಳ ಮಾತ್ರೆಯನ್ನು ತಾವು ವಾರದಲ್ಲೇ ಕೊಟ್ಟಿರಿ, ಈಗ ಅವಳು ಚೆನ್ನಾಗಿದ್ದಾಳೆ. ಆಗಲೇ ವೈದ್ಯರು ಚಿಕ್ಕವಳ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದಿದ್ದರು. ನಾನು ಅವಳನ್ನು ಅಂಗಡಿಗೆ ಕರೆದು, ಯಂತ್ರದ ಮೇಲೆ ಗಲ್ಲ ಊರಿಸಿ, ಎರಡೂ ಕಣ್ಣು ನೋಡಿದೆ. ಉಂಗುರದ ಸುಳಿವೇ ಇರಲಿಲ್ಲ.

"ನಿಂಗೇನೂ ಆಗಿಲ್ಲ, ಹೋಗೇ" ಎಂದು ಕಳಿಸಿದೆ.

"ಡಾಕ್ಟ್ರು ಹೇಳಿದ್ದು ರಕ್ತ ಕಣ್ರೀ, ಕಣ್ಣಲ್ಲ" ಎಂದಳು ನನ್ನ ಹೆಂಡತಿ.

"ಕಣ್ಣು ನನ್ನ ಕಸುಬು. ನೀನು ಸುಮ್ನಿರು."

ಹದಿನಾಲ್ಕು ತಿಂಗಳಾದ ಮೇಲೆ ಮಗುವಿನ ಹೊಟ್ಟೆ ಉಬ್ಬಿತು, ಕಾಲು ಊದಿತು. ಅಷ್ಟೂ ತಿಂಗಳನ್ನು ನನ್ನ ಸೊಕ್ಕು ನುಂಗಿತ್ತು. ಇದನ್ನು ನಾಲ್ಕು ಜನರೆದುರು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ತಾವು ಈಗ ಮಾಡುತ್ತಿರುವುದು ನಾನು ಮಾಡಿದ ಅದೇ ತಪ್ಪನ್ನು. ನನ್ನದಕ್ಕೆ ಸರ್ಕಾರಿ ಮೊಹರು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ನನ್ನ ಬೇಡಿಕೆ: ಅವಳ ಅರ್ಜಿಯನ್ನು ಈ ವಾರವೇ ಮತ್ತೆ ತೆಗೆದು, ಮೂರೂ ವರದಿ ಓದಿ, ಮಾತ್ರೆ ಮಂಜೂರು ಮಾಡಿ. ಉಂಗುರದ ಕಾಲಂ ಬೇಕಾದರೆ ಇರಲಿ, ಅದು ಯಾರ ದಾರಿಗೂ ಅಡ್ಡ ಬರದಿರಲಿ. ಇನ್ನೂ ತಡವಾದರೆ ಅವಳ ಪಿತ್ತಜನಕಾಂಗ ಕೈಕೊಡುತ್ತದೆ ಎಂದು ವೈದ್ಯರು ನನ್ನ ಮುಖಕ್ಕೇ ಹೇಳಿದ್ದಾರೆ.

ನಿನ್ನೆ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು, "ನಂದೇ ತಪ್ಪು ಕಂದಾ, ಕ್ಷಮಿಸ್ಬಿಡು" ಎಂದೆ.

ಹನ್ನೊಂದು ವರ್ಷದವಳು ನನ್ನನ್ನೇ ನೋಡಿ ಹೇಳಿದಳು: "ಅದೆಲ್ಲ ಆಮೇಲೆ ಅಪ್ಪಾ. ಮೊದ್ಲು ಮಾತ್ರೆ ಕೊಡ್ಸು."

ಇಂತಿ,
ಪರರ ಕಣ್ಣು ಸರಿಮಾಡುತ್ತಾ ಸ್ವಂತ ಮಗಳನ್ನು ಕಾಣದೆ ಹೋದ
ಒಬ್ಬ ಕನ್ನಡಕದ ಅಂಗಡಿಯವ