ಎಡಗಾಲಿನ ಮುಳ್ಳು

ಗುರುವಾರ, ಫೆಬ್ರುವರಿ ೧೩

ದುರುಗೇಶ ಇಂದು ಲಿಂಗಸುಗೂರಿನಲ್ಲಿ ನನ್ನ ಮೂಕಾಭಿನಯವನ್ನೇ ಕದ್ದು ಆಡಿದ. ಕೊಡ ಹೊತ್ತು ಬರುವ ಹೆಂಗಸು. ಸಂತೆಕಲ್ಲೂರಿನ ಶಿಬಿರದಲ್ಲಿ ನಾನೇ ಅವನಿಗೆ ಕಲಿಸಿದ್ದು. ಆಗ ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕುಂಟುತ್ತಿದ್ದೆ. ಕಳ್ಳ ಆ ಕುಂಟನ್ನೂ ಬಿಟ್ಟಿಲ್ಲ! ಯಾರೋ ಕೇಳಿದ್ದಕ್ಕೆ ಮೈಕ್ ಹಿಡಿದು, "ನಾನೇ ಕಟ್ಟೀನ್ರೀ. ಆ ಕುಂಟು ಬಡತನದ ಭಾರ ರೀ" ಅಂದ. ಚಪ್ಪಾಳೆ ಬೇರೆ.

"ಹೋಗ್ಲಿ ಬಿಡಬೇ, ಇನ್ನೂ ಕಲಿಯಾಕತ್ತಾನ" ಅಂದಳು ಅವ್ವ.

ಕಲಿಯಲಿ. ಭಾನುವಾರ ಮಸ್ಕಿಯಲ್ಲಿ ಅವನ ಆಟ ಮುಗಿದ ಕೂಡಲೇ ನನ್ನದು. ಅವನಂತೆಯೇ ಕುಂಟುತ್ತ ಬರುತ್ತೇನೆ. ನಡುವೆ ಕೊಡ ಇಳಿಸಿ, ಕೂತು, ಹಿಮ್ಮಡಿಯಿಂದ ಮುಳ್ಳು ಕಿತ್ತು ಎಲ್ಲರಿಗೂ ತೋರಿಸುತ್ತೇನೆ. ಅದನ್ನು ಅವನ ಕಡೆ ಎಸೆದು, ಮತ್ತೆ ಕೊಡ ಹೊತ್ತು, ನೆಟ್ಟಗೆ ನಡೆದುಹೋಗುತ್ತೇನೆ.