ರಕ್ಕಸರ ಕಬಡ್ಡಿ

ಬಾದಾಮಿ
೧೪ ನವೆಂಬರ್ ೧೯೮೮

ಹುನಗುಂದದಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಹೆಂಡತಿ ಹನಮವ್ವನಿಗೆ ಹುಲ್ಲಪ್ಪ ಹೇಳುವುದೇನೆಂದರೆ, ಸಿಟ್ಟಿನಲ್ಲಿ ಹರಿದು ಒಲೆಗೆ ಹಾಕುವ ಮೊದಲು ಇದನ್ನೊಮ್ಮೆ ಓದು.

ನಾನು ಹಾಸಿಗೆಯಲ್ಲೇ ಇದ್ದೇನೆ. ಕಬಡ್ಡಿ ಅಂಗಳದಲ್ಲಿ ಬಿದ್ದು ಬೆನ್ನು ಮುರಿದುಕೊಂಡವನು ಇನ್ನೆಲ್ಲಿರಲಿ? ಆದರೆ ಸುಮ್ಮನೆ ಬಿದ್ದುಕೊಂಡಿದ್ದೇನೆಂದು ತಿಳಿಯಬೇಡ, ಆಟ ಆಡುತ್ತಿದ್ದೇನೆ.

ಪ್ರವಾಸಿಗಳಿಗೆ ಗುಹೆ ತೋರಿಸುವ ನಮ್ಮ ಮಲೀಕಸಾಬನಿಗೆ ಯಾರೋ ಬಿಳಿಯ ಪ್ರವಾಸಿ ತನ್ನ ಹೊರೆ ಕಡಿಮೆಯಾಗಲೆಂದು ಒಂದು ಡಬ್ಬಿ ಕೊಟ್ಟು ಹೋದ. ಒಳಗೆ ಚೌಕ ಚೌಕ ಗೆರೆ ಎಳೆದ ಮೈದಾನದ ಹಲಗೆ, ದಾಳ, ಹೆಬ್ಬೆರಳಿನಷ್ಟು ಗೊಂಬೆಗಳು. ಕೋರೆಹಲ್ಲಿನ ರಕ್ಕಸರು, ಗಡ್ಡದ ಕುಳ್ಳರು. ಎರಡು ತಂಡ, ಒಂದು ಚೆಂಡು. ಚೆಂಡು ಹಿಡಿದು ಎದುರಿನವರ ಕೊನೆಯ ಗೆರೆ ದಾಟಬೇಕು, ಅಡ್ಡ ಬಂದವನನ್ನು ಕೆಡವಬೇಕು. ಬಿದ್ದವನ ಎಲುಬು ಮುರಿಯಿತೋ, ಪ್ರಾಣವೇ ಹೋಯಿತೋ, ದಾಳ ಹೇಳುತ್ತದೆ. "ಲೇ, ಇದು ರಕ್ಕಸರ ಕಬಡ್ಡಿ" ಎಂದು ನಕ್ಕೆ. ನನ್ನವ್ವ ಒಳಗಿನಿಂದ ಓಡಿ ಬಂದು ನೋಡಿದಳು. ನಾನು ನಕ್ಕು ಭಾಳ ದಿನವಾಗಿತ್ತಲ್ಲ.

ಡಬ್ಬಿಯಲ್ಲಿದ್ದ ಆಟದ ನಿಯಮದ ಇಂಗ್ಲಿಷ್ ಪುಸ್ತಕ ನಮಗೆಲ್ಲಿ ತಿಳಿಯಬೇಕು? ಮಲೀಕಸಾಬ ಚಿತ್ರ ನೋಡಿ ಅರ್ಧ ಹೇಳಿದ, ಉಳಿದರ್ಧ ನಾವೇ ಕೂಡಿಸಿದೆವು. ಚೌಕಾಬಾರದಲ್ಲಿ ಹೊಡೆದ ಕಾಯಿ ಮನೆಗೆ ಹೋಗಿ ಮತ್ತೆ ಹುಟ್ಟುತ್ತದೆ. ಕಬಡ್ಡಿಯಲ್ಲಿ ಎದುರಿನವನೊಬ್ಬ ಔಟಾದರೆ ನಮ್ಮ ಸತ್ತವನು ಎದ್ದು ಬರುತ್ತಾನೆ. ಇದರಲ್ಲೂ ಹಾಗೇ ಇರಬೇಕೆಂದು ಆಡಿದೆವು. ಎಲ್ಲರಿಗಿಂತ ದೊಡ್ಡ ರಕ್ಕಸನಿಗೆ ನನ್ನ ಹೆಸರಿಟ್ಟಿದ್ದೆ. ಸಾಯುತ್ತಿದ್ದ, ಎದ್ದು ಬರುತ್ತಿದ್ದ. ನಗಬೇಡ, ನಾನೂ ಏಳುತ್ತೇನೆ ಅನ್ನಿಸತೊಡಗಿತು. ನಿನ್ನಣ್ಣ ಈ ಮದುವೆಯಿಂದ ನಿನಗೆ ಬಿಡುಗಡೆ ಕೇಳಲು ಹಿರಿಯರನ್ನು ಕಳಿಸಿದಾಗ "ನಾ ಎದ್ದು ನಿಂತ ಮ್ಯಾಲೆ ಮಾತಾಡೂಣು, ಹೋಗ್ರಿ" ಎಂದು ಅಟ್ಟಿದ್ದು ಅದೇ ಧೈರ್ಯದ ಮೇಲೆ.

ಹೋದ ವಾರ ಗುರಲಿಂಗಪ್ಪ ಮಾಸ್ತರರು ಮಾತಾಡಿಸಲು ಬಂದರು. ಇಂಗ್ಲಿಷ್ ಬಲ್ಲವರು. ಆಟ ಇನ್ನಷ್ಟು ಚಂದವಾದೀತೆಂದು ಆ ಪುಸ್ತಕ ಓದಿಸಿದೆ. ಸತ್ತವನು ಈ ಆಟಕ್ಕಷ್ಟೇ ಅಲ್ಲ, ಮುಂದಿನ ಯಾವ ಆಟಕ್ಕೂ ಇಲ್ಲ, ತಂಡ ಅವನ ಜಾಗಕ್ಕೆ ಬೇರೊಬ್ಬನನ್ನು ತರಬೇಕು ಎಂದರು. "ಇದೆಂಥಾ ಹೇಸಿಗಿ ಆಟರಿ!" ಎಂದು ಅವರ ಮೇಲೇ ಹರಿಹಾಯ್ದೆ. ಪಾಪ, ಚಹಾನೂ ಕುಡಿಯದೆ ಹೋದರು. ಮಲೀಕಸಾಬ "ಹೋಗ್ಲಿ ಬಿಡೋ, ನಾವು ನಮ್ಮಂಗ ಆಡೂಣು" ಅಂದ. ಆಡಿದೆವು. ಸತ್ತ ರಕ್ಕಸ ಮತ್ತೆ ಹಲಗೆಯ ಮೇಲೆ ನಿಂತಾಗ ನನಗೇ ನಾಚಿಕೆಯಾಯಿತು.

ನಾನು ಏಳುವುದಿಲ್ಲವೆಂದು ಬಾಗಲಕೋಟೆಯ ಡಾಕ್ಟರು ನಿನ್ನೆದುರೇ ಹೇಳಿದ್ದರು. ಅವರನ್ನೂ ಬೈದೆ, ಅತ್ತಿದ್ದಕ್ಕೆ ನಿನ್ನನ್ನೂ ಬೈದೆ. ಈಗ ಬೈಯಲು ಯಾರೂ ಉಳಿದಿಲ್ಲ. ಹಿರಿಯರು ಬರಲಿ, ಬಿಡುಗಡೆ ಕೊಡುತ್ತೇನೆ. ನಿನ್ನಣ್ಣ ನೋಡಿರುವ ಗಂಡಿನೊಂದಿಗೆ ಉಡಿಕೆ ಮಾಡಿಕೊಂಡು ಎರಡನೆಯ ಸಂಸಾರ ಹೂಡು. ನೀನು ಮಾತ್ರ ಬರಬೇಡ, ಹನಮೀ. ನಿನ್ನ ಮುಖ ಕಂಡರೆ ಈ ಮಾತು ಉಳಿಸಿಕೊಳ್ಳಲಾರೆ.

ಇಂತಿ, ಇನ್ನು ಸ್ವಲ್ಪ ದಿನ ನಿನ್ನ ಗಂಡ,
ಹುಲ್ಲಪ್ಪ

ತಾ.ಕ.: ಅಕ್ಕಾ, ನಾನು ಮಲೀಕಸಾಬ. ಅವನು ಹೇಳಿದ, ನಾನು ಬರೆದೆ. ಶ್ರಾವಣದಿಂದ ಅವನ ಕೈಗಳಲ್ಲೂ ಬಲವಿಲ್ಲ. ದಾಳ ಎಸೆಯುವವನೂ ನಾನೇ, ಗೊಂಬೆ ನಡೆಸುವವನೂ ನಾನೇ. ನಿನಗೆ ತಿಳಿಸಬಾರದೆಂದು ಆಣೆ ಮಾಡಿಸಿದ್ದಾನೆ. "ಬರಬೇಡ" ಎಂದು ಬರೆಸಿದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, "ಹುನಗುಂದದ ಬಸ್ಸು ಈಗ ಎಷ್ಟಕ್ಕ ಬರ್ತೈತ್ಯೋ?" ಅಂತ ಕೇಳಿದ.