ಬೆಳಗ್ಗೆ ಅಂಟುವ ಲೋಹ

ಜನವರಿ 8, ಬೆಳಗ್ಗೆ 9
ಮತ್ತೆ ಅದೇ ಗೋಳು. ಹಡಗಿನ ದಿಕ್ಸೂಚಿಗೆ ನಾವು ಮಾಡುವ ನಿಕ್ಕಲ್-ತಾಮ್ರದ ಡಬ್ಬಿ ಅಯಸ್ಕಾಂತಕ್ಕೆ ಅಂಟಬಾರದು. ಅಂಟಿದರೆ ಮುಳ್ಳು ದಾರಿ ತಪ್ಪಿಸುತ್ತದೆ. ನಿನ್ನೆ ಮಧ್ಯಾಹ್ನ ನಾನೇ ಹಿಡಿದು ನೋಡಿದೆ. ಅಂಟಲಿಲ್ಲ. ಸೈನ್ ಹಾಕಿದೆ. ಇವತ್ತು ಹಡಗು ಕಂಪನಿಯ ಇನ್‌ಸ್ಪೆಕ್ಟರ್ ಅಯಸ್ಕಾಂತ ಹಿಡಿದರು — ಟಕ್ಕೆಂದು ಅಂಟಿತು!
“ಮೇಡಂ, ಕಣ್ಣು ಮುಚ್ಕೊಂಡು ಸೈನ್ ಹಾಕ್ತೀರಾ?”
ಮೈಯೆಲ್ಲ ಉರಿದುಹೋಯಿತು.

ಜನವರಿ 9
ಮ್ಯಾನೇಜರ್‌ಗೆ ತಪ್ಪಿತಸ್ಥರು ಬೇಕು, ಈಗಲೇ. “ಕುಲುಮೆಯಲ್ಲಿ ಕಬ್ಬಿಣದ ಚೂರು ಸೇರಿರಬಹುದು” ಎಂದು ಬರೆದುಕೊಟ್ಟೆ. ‘ಬಹುದು’ ಎಂದೇ ಬರೆದದ್ದು. ಅವರಿಗೆ ಅಷ್ಟೇ ಸಾಕಾಯಿತು. ಲೋಹ ಕರಗಿಸುವ ಅಜ್ಜನನ್ನು ಮನೆಗೆ ಕಳಿಸಿದರು. ನನಗೆ ಈ ಕೆಲಸ ಕಲಿಸಿದವರೇ ಅವರು.
“ನನ್ ಕೈಯಿಂದ ಕಬ್ಬಿಣ ಬಿದ್ದಿಲ್ಲ ಕಣಮ್ಮ. ನೀನೇ ಹೀಗೆ ಬರೆದ್ರೆ?”
ಫೈಲ್ ನೋಡುತ್ತ ನಿಂತೆ.

ಜನವರಿ 14
ಅಜ್ಜನ ಜಾಗಕ್ಕೆ ಬಂದವನು ಕರಗಿಸಿದ್ದೂ ಅಂಟುತ್ತಿದೆ! ಬೆಳಗ್ಗೆ ಅಂಟುತ್ತದೆ, ಮಧ್ಯಾಹ್ನ ಇಲ್ಲ. ಲೋಹಕ್ಕೂ ಮೂಡ್ ಇದೆಯೇ? ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ.
“ಈ ಚಳಿಗೆ ಬೆಳಗ್ಗೆ ನಾನೂ ಹಾಸಿಗೆಗೆ ಅಂಟ್ಕೊಂಡೇ ಇರ್ತೀನಿ ಕಣೇ.”
ನಗು ಬರಲಿಲ್ಲ. ಆಮೇಲೆ... ಚಳಿ?

ಅದೇ ದಿನ, 3 ಗಂಟೆ
ಡಬ್ಬಿಯನ್ನು ಐಸ್‌ನಲ್ಲಿಟ್ಟೆ — ಅಂಟಿತು. ಬಿಸಿನೀರಿಗೆ ಅದ್ದಿದೆ — ಬಿಟ್ಟುಕೊಂಡಿತು. ಆರು ಸಲ. ಕಬ್ಬಿಣವೂ ಇಲ್ಲ, ಮಣ್ಣೂ ಇಲ್ಲ. ನಿಕ್ಕಲ್ಲಿಗೆ ಹುಟ್ಟಿನಿಂದಲೇ ಅಯಸ್ಕಾಂತದ ಗುಣ. ತಾಮ್ರ ಬೆರೆಸಿದಷ್ಟೂ ಅದು ಕುಗ್ಗುತ್ತದೆ. ತಾಮ್ರ ಸಾಲದಿದ್ದರೆ ಸೆಕೆಯಲ್ಲಿ ಅಡಗಿರುತ್ತದೆ, ಚಳಿಯಲ್ಲಿ ತಲೆಯೆತ್ತುತ್ತದೆ. ಡಬ್ಬಿ ಇನ್ನಷ್ಟು ಗಟ್ಟಿಯಾಗಲೆಂದು ಬೇಸಿಗೆಯಲ್ಲಿ ನೂರಕ್ಕೆ ಮೂರು ಪಾಲು ತಾಮ್ರ ಇಳಿಸಿದವರು ಯಾರು?
ನಾನು.
ಗೂಬೆ ಕೂರಿಸಿದ್ದು ಅಜ್ಜನ ಮೇಲೆ.

ಜನವರಿ 15
“ಸರಿ, ತಾಮ್ರ ಹೆಚ್ಚಿಸಿ. ಆದದ್ದಾಯ್ತು, ಕೆದಕೋಕೆ ಹೋಗ್ಬೇಡಿ” ಎಂದರು ಮ್ಯಾನೇಜರ್.
“ಕೆದಕ್ತೀನಿ ಸರ್. ತಪ್ಪು ನಂದು.”
ಬರೆದುಕೊಟ್ಟೆ. ಈ ಸಲ ‘ಬಹುದು’ ಇಲ್ಲ. ಕಾಗದವನ್ನು ಡ್ರಾಯರ್‌ಗೆ ತಳ್ಳಿದರು. ಥೂ!

ಜನವರಿ 17, ಸಂಜೆ
ಹೊಸ ಡಬ್ಬಿ ಐಸ್‌ನಲ್ಲೂ ಅಂಟಲಿಲ್ಲ. ಕಾಗದದ ಪ್ರತಿ ಹಿಡಿದು ಅಜ್ಜನ ಮನೆಗೆ ಹೋದೆ. ಎರಡು ಸಲ ಓದಿದರು. ಕೂರು ಎನ್ನಲಿಲ್ಲ.
“ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ಗೇಟ್ ದಾಟಿದೀನಿ. ಇದನ್ನ ಆ ನಾಲ್ಕು ಜನರ ಮುಂದೆ ಓದ್ತೀಯಾ?”
“ಓದ್ತೀನಿ ಅಜ್ಜ.”

ಜನವರಿ 18, ಬೆಳಗ್ಗೆ 8.50
ನಾನೇ ಕರೆದೆ, ಕುಲುಮೆಯ ಸುತ್ತ ಎಲ್ಲರೂ ಸೇರಿದ್ದಾರೆ. ಮ್ಯಾನೇಜರ್ ಮುಖ ಗಂಟು. ಅಜ್ಜ ಬಂದರು, ಇಸ್ತ್ರಿ ಮಾಡಿದ ಅಂಗಿ. ಕೊನೆಯ ಸಾಲಿನಲ್ಲಿ ನಿಂತಿದ್ದಾರೆ. ಮೊದಲು ಅವರನ್ನು ಮುಂದೆ ಕರೆಯಬೇಕು, ಆಮೇಲೆ ಕಾಗದ ಓದಬೇಕು.